ಜೊಂಡಿಗೆ ತೆಗೆದ ಬೈತಲೆ

ಕತ್ತರಿ ಮಾವ ತನ್ನನ್ನು ಗೇಲಿ ಮಾಡುವ ಕೆಲಸವನ್ನು ಯಾವತ್ತೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದಾಗಲೂ ಅಷ್ಟೆ. ಗಿರಾಕಿ ಕನ್ನಡಿ ನೋಡಿಕೊಂಡು ಮುಖ ಹುಳ್ಳಗೆ ಮಾಡುವ ಮೊದಲೇ ಇವನು, "ಕತ್ತರಿ ಒಳ್ಳೆ ಕಂಪನೀದು ಸಾರ್, ಹಿಡಿದಿರೋ ಕೈ ಮಾತ್ರ ಸೆಕೆಂಡ್ ಹ್ಯಾಂಡ್" ಎಂದುಬಿಡುತ್ತಿದ್ದ. ಗಿರಾಕಿಗೆ ನಗು ಬರುತ್ತಿತ್ತು. ಒಮ್ಮೆ ನಕ್ಕವನು ಮತ್ತೆ ಜಗಳಕ್ಕೆ ನಿಲ್ಲುವುದು ಹೇಗೆ? ಈ ಉಪಾಯ ಅವನ ಬಾಳಿನ ಅರ್ಧ ಸಂಕಟಗಳನ್ನು ಬಾಗಿಲಲ್ಲೇ ತಡೆದಿತ್ತು. ಉಳಿದರ್ಧ ಹಿತ್ತಿಲ ಬಾಗಿಲಿಂದ ಬಂದವು, ಆ ಮಾತು ಬೇರೆ.

ಹಾಗೆಂದು ಅವನು ಕೆಟ್ಟ ಕೆಲಸಗಾರನೇನೂ ಅಲ್ಲ. ಬೈತಲೆ ತೆಗೆಯುವುದರಲ್ಲಂತೂ ಅವನನ್ನು ಸರಿಗಟ್ಟುವವರು ಆ ಪೇಟೆಯಲ್ಲೇ ಇರಲಿಲ್ಲ. ಎಣ್ಣೆ ಹಚ್ಚಿದ ತಲೆಯ ಮೇಲೆ ಬಾಚಣಿಗೆಯ ಮೂಲೆ ಊರಿ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಹಣೆಯಿಂದ ನೆತ್ತಿಯವರೆಗೆ ಗೆರೆ ಹೊಡೆಯುತ್ತಿದ್ದ. ಅಳತೆಪಟ್ಟಿ ಇಟ್ಟು ನೋಡಿದರೂ ಕೂದಲೆಳೆಯಷ್ಟು ಅತ್ತಿತ್ತ ಇರುತ್ತಿರಲಿಲ್ಲ. ಮೇಷ್ಟ್ರುಗಳು, ಗುಮಾಸ್ತರು, ಮದುವೆಗೆ ಹೊರಟ ಗಂಡುಗಳು, ಎಲ್ಲರೂ ಅವನ ಕೈಗೆ ತಲೆ ಕೊಟ್ಟವರೇ. ಊರಿನ ಗಂಡುಗಳನ್ನೆಲ್ಲ ಸಿಂಗರಿಸಿ ಕಳಿಸುವ ಗಡಿಬಿಡಿಯಲ್ಲಿ ತನ್ನ ಮದುವೆ ಮರೆತೇ ಹೋಯಿತು ಎಂದು ಅವನು ಹೇಳುತ್ತಿದ್ದ. ನಿಜ ಏನೆಂದರೆ ಒಂದು ಸಂಬಂಧ ಬಂದಿತ್ತು, ಹುಡುಗಿಯ ಎದುರು ಇವನು ತನ್ನ ಬಗ್ಗೆ ಒಂದಾದ ಮೇಲೊಂದು ತಮಾಷೆ ಮಾಡಿದ, ಹುಡುಗಿ ಅಷ್ಟನ್ನೂ ನಂಬಿ ಎದ್ದು ಹೋದಳು.

ಆಮೇಲೆ ಕಾಲ ಕೆಟ್ಟಿತು. ಹುಡುಗರು ಬೈತಲೆಯನ್ನೇ ಬಿಟ್ಟರು. ಇವನ ಕಣ್ಣಿಗೂ ಮಂಜು ಕವಿಯಿತು. ಒಂದು ದಿನ ಔಷಧಿ ಅಂಗಡಿಯವರ ಕಿವಿಯ ಪಕ್ಕದ ಕೂದಲನ್ನು ಸಮ ಮಾಡಲು ಹೊರಟ. ಎಡಗಡೆಯದು ಮೇಲಾಯಿತೆಂದು ಬಲಗಡೆಯದನ್ನು ಏರಿಸಿದ, ಬಲಗಡೆಯದು ಮೇಲಾಯಿತೆಂದು ಎಡಗಡೆಯದನ್ನು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಡುವೆ ಟ್ಯೂಬ್‌ಲೈಟನ್ನೂ ಬೈದ. ಕತ್ತರಿ ಎರಡೂ ಕಡೆ ಕಿವಿ ದಾಟಿ ಮೇಲೆ ಹೋದಾಗ ಅವರು ಮೆಲ್ಲಗೆ ಅವನ ಕೈ ಹಿಡಿದು ಸಾಕು ಮಾವ ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಸಿಟ್ಟಾಗಿದ್ದರೆ ಅವನು ಹೇಗೋ ನಗಿಸಿ ಕಳಿಸುತ್ತಿದ್ದ. ಆ ವಾರವೇ ಅಂಗಡಿ ಮುಚ್ಚಿದ.

ಮುಚ್ಚಿ ಹೋದದ್ದು ತಂಗಿಯ ಮನೆಗೆ. ಊರ ಹೊರಗೆ, ಇಳಿಜಾರಿನ ಬುಡದಲ್ಲಿ ಅವಳ ಮೀನಿನ ಹೊಂಡ. ಅವಳ ಗಂಡ ತೋಡಿಸಿದ್ದು. ತೋಡಿಸಿದವನು ತೀರಿಕೊಂಡ ಮೇಲೆ ಬಲೆ, ಪಂಪು, ಮರಿ, ಮೇವು, ಮಾರಾಟ ಎಲ್ಲವೂ ಅವಳ ತಲೆಗೇ ಬಂತು. ಒಬ್ಬಳೇ ಮಗಳು ದೂರದ ಪಟ್ಟಣದಲ್ಲಿ ನರ್ಸಿಂಗ್ ಓದುತ್ತಿದ್ದಳು. ಇನ್ನೊಂದು ವರ್ಷ ಬಾಕಿ, ಆ ವರ್ಷಕ್ಕೆ ಈ ಹೊಂಡದ ಮೀನೇ ದಿಕ್ಕು. ತಂಗಿ ಹೆಚ್ಚು ಮಾತಿನವಳಲ್ಲ, ಅಣ್ಣನ ತಮಾಷೆಗೆ ನಗುವವಳಂತೂ ಅಲ್ಲವೇ ಅಲ್ಲ. ಚಿಕ್ಕಂದಿನಿಂದಲೂ ಇವನು ನಗಿಸಲು ನೋಡುವುದು, ಅವಳು ಮುಗೀತಾ ಎಂಬಂತೆ ನೋಡುವುದು. ಬಲೆ ಇಡುವ ಕೋಣೆಯ ಪಕ್ಕದ ಕೋಣೆಯನ್ನು ಗುಡಿಸಿ, ಮಂಚ ಹಾಕಿ, ಇದು ನಿನ್ನದು ಎಂದಳು. ಅಷ್ಟೇ ಅವಳು ಆಡಿದ ಮಾತು.

ಅಂಗಡಿಯ ತಿರುಗುವ ಕುರ್ಚಿಯನ್ನು ಅವನು ಹೊತ್ತು ತಂದಿದ್ದ. ದಿನವಿಡೀ ಅದರಲ್ಲೇ ಕೂತು ಕಿಟಕಿಯ ಕಡೆಗೊಮ್ಮೆ, ಗೋಡೆಯ ಕಡೆಗೊಮ್ಮೆ ತಿರುಗುತ್ತಿದ್ದ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಮಗನೂ ಇಲ್ಲದ ಇವನು ತಂಗಿಯ ಹಿತ್ತಿಲಿನ ಬೇಲಿಗಿಡಗಳನ್ನು ಕತ್ತರಿಸಿ ಕತ್ತರಿಸಿ ಮೊಣಕಾಲೆತ್ತರಕ್ಕೆ ತಂದ. ಪಕ್ಕದ ಮನೆಯ ಆಡುಗಳು ಬೇಲಿಯನ್ನು ಸಲೀಸಾಗಿ ದಾಟಿ ಬಂದವು. "ಆಡುಗಳಿಗೂ ನನ್ನ ಕೈಗುಣ ಗೊತ್ತಾಗಿದೆ, ಕಟಿಂಗಿಗೆ ಬಂದಿವೆ" ಎಂದ. ತಂಗಿ ನಗಲಿಲ್ಲ. ಆಡುಗಳನ್ನು ಅಟ್ಟಿ ಬಂದು, ಮಾರನೆಯ ದಿನ ನೀರಿನ ಸಂಘದ ಸಭೆಗೆ ಹೋಗಿ, ಜವುಗು ನೋಡಿಕೊಳ್ಳುವ ಕೆಲಸವನ್ನು ನಮ್ಮಣ್ಣನಿಗೆ ಕೊಡಿ, ಹೆಚ್ಚುಕಮ್ಮಿಯಾದರೆ ನಾನಿದ್ದೇನೆ ಎಂದು ಹೇಳಿ ಬಂದಳು.

ಜವುಗು ಎಂದರೆ ತಾನಾಗಿ ಆದ ಜವುಗಲ್ಲ, ಮಾಡಿದ್ದು. ಇಳಿಜಾರಿನ ಉದ್ದಕ್ಕೂ ತರಕಾರಿ ಹೊಲಗಳು, ಕೆಳಗೆ ತಂಗಿಯ ಮೀನಿನ ಹೊಂಡ. ಎರಡರ ನಡುವಿನ ತಗ್ಗಿಗೆ ನೀರಾವರಿ ಕಚೇರಿಯವರು ಮಣ್ಣಿನ ಏರಿ ಹಾಕಿ, ಒಂದು ತುದಿಯಲ್ಲಿ ಹೊಲದ ನೀರು ಬರಲು ಕೊಳವೆ, ಇನ್ನೊಂದು ತುದಿಯಲ್ಲಿ ಹೊಂಡಕ್ಕೆ ನೀರು ಬಿಡಲು ತೂಬು ಇಟ್ಟು, ಒಳಗೆಲ್ಲ ಜೊಂಡು ನೆಡಿಸಿದ್ದರು. ಆಳೆತ್ತರ ಬೆಳೆದ ಜೊಂಡು, ಮೊಣಕಾಲುದ್ದ ನೀರು, ಅದರ ಕೆಳಗೆ ಕಪ್ಪು ಕೆಸರು. ಇಡೀ ಜವುಗಿಗೆ ಇವನೊಬ್ಬನೇ ನೌಕರ. ಹಾಳೂರಿಗೆ ಉಳಿದವನೇ ಗೌಡ ಎಂದು ತನ್ನ ಹೊಸ ಹುದ್ದೆಯನ್ನು ತಾನೇ ಸಾರಿಕೊಂಡ.

ಕೆಲಸ ಹೇಳಿಕೊಡಲು ನೀರು ಪರೀಕ್ಷೆ ಮಾಡುವ ಅಧಿಕಾರಿ ಬಂದರು. ಗಂಬೂಟು ಹಾಕಿಕೊಂಡು ಬಾಟಲಿಗಳ ಪೆಟ್ಟಿಗೆ ಹೊತ್ತು ಸ್ಕೂಟರಿನಲ್ಲಿ ತಿರುಗುವ ಅವರನ್ನು ಎಲ್ಲರೂ ನೀರಿನ ಮೇಡಂ ಎನ್ನುತ್ತಿದ್ದರು. ಅವರು ಏರಿಯ ಮೇಲೆ ನಿಂತು ಸಾವಧಾನವಾಗಿ ವಿವರಿಸಿದರು. ಹೊಲಕ್ಕೆ ಹಾಕಿದ ಗೊಬ್ಬರವನ್ನೆಲ್ಲ ಬೆಳೆ ತಿನ್ನುವುದಿಲ್ಲ. ಮಿಕ್ಕಿದ್ದು ಮಳೆನೀರಿನಲ್ಲಿ ಕರಗಿ ಕೆಳಗೆ ಬರುತ್ತದೆ. ಅದು ನೇರ ಹೊಂಡಕ್ಕಿಳಿದರೆ ಪಾಚಿಗೆ ಬಿಟ್ಟಿ ಊಟ. ಪಾಚಿ ಕೊಬ್ಬಿ, ಸತ್ತು, ಕೊಳೆತು, ನೀರಿನೊಳಗಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತದೆ, ಮೀನು ಉಸಿರು ಕಟ್ಟಿ ಸಾಯುತ್ತವೆ. ನಡುವೆ ಜೊಂಡಿದ್ದರೆ ನೀರಿನ ಓಟ ನಿಲ್ಲುತ್ತದೆ. ಕಾಂಡಗಳಿಗೆ ತಾಗಿ ತಾಗಿ ಮಣ್ಣು ತಳಕ್ಕೆ ಕೂರುತ್ತದೆ, ಮಣ್ಣಿಗೆ ಅಂಟಿದ ಗೊಬ್ಬರವೂ ಅದರೊಂದಿಗೆ ಕೂರುತ್ತದೆ. ಒಂದು ಪಾಲನ್ನು ಗಿಡವೇ ಹೀರಿ ಎಲೆಯಾಗಿಸಿಕೊಳ್ಳುತ್ತದೆ. ದೊಡ್ಡ ಪಾಲಿನ ಕೆಲಸ ಮಾತ್ರ ಬೇರಿನ ಸುತ್ತ ಕೆಸರಿನಲ್ಲಿರುವ, ಕಣ್ಣಿಗೆ ಕಾಣದ ಜೀವಿಗಳದ್ದು. ನೀರಿನಲ್ಲಿ ಕರಗಿ ಬಂದ ಯೂರಿಯಾದ ಸಾರವನ್ನು ಅವು ಅರಗಿಸಿ ಗಾಳಿಯಾಗಿ ಮೇಲಕ್ಕೆ ಬಿಟ್ಟುಬಿಡುತ್ತವೆ. ಆದರೆ ಅವಕ್ಕೆ ಹೊತ್ತು ಬೇಕು. ನೀರು ಇಲ್ಲಿ ದಾರಿ ಗೊತ್ತಿಲ್ಲದವರ ಹಾಗೆ ಅಲೆಯಬೇಕು. ಒಣಗಿದ ಜೊಂಡನ್ನು ಕಾಲಕಾಲಕ್ಕೆ ನೀರಿನ ಮಟ್ಟಕ್ಕಿಂತ ಮೇಲೆ, ಅಲ್ಲಲ್ಲಿ, ಸ್ವಲ್ಪ ಸ್ವಲ್ಪ ಕತ್ತರಿಸಿ, ಕತ್ತರಿಸಿದ್ದನ್ನು ಏರಿಯ ಆಚೆ ಹಾಕಬೇಕು. ಒಳಗೇ ಬಿಟ್ಟರೆ ಅದು ಕೊಳೆತು, ಹೀರಿದ್ದೆಲ್ಲ ವಾಪಸು ನೀರಿಗೇ ಬರುತ್ತದೆ.

ಇಷ್ಟರಲ್ಲಿ ಕತ್ತರಿ ಮಾವನ ಕಿವಿಗೆ ಬಿದ್ದದ್ದು ಎರಡೇ. ಒಂದು, ಕತ್ತರಿಸಬೇಕು. ಎರಡು, ಕತ್ತರಿಸಿದ್ದನ್ನು ಗುಡಿಸಿ ಆಚೆ ಹಾಕಬೇಕು. ಜೀವಮಾನವಿಡೀ ಮಾಡಿದ್ದೂ ಅದನ್ನೇ ಅಲ್ಲವೇ! ಉಳಿದದ್ದು ಓದಿದವರ ಮಾತು ಎಂದು ತಲೆಯಾಡಿಸಿದ. ಅಂಗಡಿಯಲ್ಲಿ ಗಿರಾಕಿಗಳ ಮಾತಿಗೆ ಹೂಂಗುಟ್ಟಿ ಹೂಂಗುಟ್ಟಿ, ಕೇಳದೆಯೇ ಕೇಳಿದ ಹಾಗೆ ತಲೆಯಾಡಿಸುವುದು ಅವನಿಗೆ ಸಿದ್ಧಿಸಿತ್ತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವನೂ ಬೆಳಗಾಗುವ ಮೊದಲೇ ಜವುಗಿನಲ್ಲಿರುತ್ತಿದ್ದ. ಕುಡುಗೋಲು ಹಿಡಿದು ಮೊದಲ ದಿನ ಜಾರಿ ಬಿದ್ದ, ಎರಡನೆಯ ದಿನ ಗಂಬೂಟು ಕೆಸರಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ಮೇಲಿನ ಹೊಲದ ಎಲೆಕೋಸಿನವನು ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಎಲೆಕೋಸು ಬೆಳೆಯುವ ಸಾಧು ಮನುಷ್ಯ, ಇವನ ಹಳೆಯ ಗಿರಾಕಿ. "ನಗು ಮಾರಾಯ, ಟಿಕೆಟ್ ಇಲ್ಲ" ಎಂದು ಇವನೇ ಕೂಗಿ ಹೇಳುತ್ತಿದ್ದ. ಕೆಲಸ ಕೈಗೆ ಹತ್ತಿತು. ಹೇಳಿದಂತೆ ಅಲ್ಲಲ್ಲಿ ಕತ್ತರಿಸಿದ, ಹೊರೆಹೊರೆಯಾಗಿ ಏರಿಯಾಚೆ ಹಾಕಿದ. ಆದರೆ ಪ್ರತಿ ಸಂಜೆ ಏರಿಯ ಮೇಲೆ ನಿಂತು ನೋಡಿದಾಗ ಕೈ ಕಡಿಯುತ್ತಿತ್ತು. ಅಲ್ಲೊಂದು ಕುಚ್ಚು, ಇಲ್ಲೊಂದು ಬೋಳು. ಒಂದು ಎಡಕ್ಕೆ ಬಾಗಿದೆ, ಇನ್ನೊಂದು ಬಲಕ್ಕೆ ಬಿದ್ದಿದೆ. ಹಾಸಿಗೆಯಿಂದ ಎದ್ದು ಹಾಗೇ ಬೀದಿಗೆ ಬಂದವರ ತಲೆ. ಇಂಥ ತಲೆಯನ್ನು ಕುರ್ಚಿಯಿಂದ ಇಳಿಸಿ ಕಳಿಸಿದವನೇ ಅಲ್ಲ ಅವನು.

ಆಗಲೇ ಸುದ್ದಿ ಬಂತು, ಬೇರೆ ಊರುಗಳ ಸಂಘದವರು ಜವುಗು ನೋಡಲು ಬರುತ್ತಾರೆ, ಜೊತೆಗೆ ದೊಡ್ಡ ಅಧಿಕಾರಿಗಳೂ ಇರುತ್ತಾರೆ ಎಂದು. ನೀರಿನ ಮೇಡಂ ಬೇರೆಲ್ಲಿಗೋ ಹೋಗಿದ್ದರು. ಕೇಳಬೇಕೆಂದು ಇವನಿಗೂ ಅನ್ನಿಸಲಿಲ್ಲ. ತಲೆ ಬಾಚಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಕೊಳವೆಯ ಬಾಯಿಂದ ತೂಬಿನ ಬಾಯಿಯವರೆಗೆ ಹಗ್ಗ ಕಟ್ಟಿದ. ಹಗ್ಗದ ಎರಡೂ ಪಕ್ಕ ಒಂದೊಂದು ಮಾರು ಅಗಲ ಜೊಂಡನ್ನು ಬುಡದವರೆಗೂ ಬೋಳಿಸುತ್ತಾ ಹೋದ. ನೀರಿನ ಮೇಲೆ ಮೋಟು ಕಾಣುವುದು ಚೆನ್ನಲ್ಲವೆಂದು ಕೈಯನ್ನು ನೀರೊಳಗೆ ಮುಳುಗಿಸಿ, ಕೆಸರಿನ ಮಟ್ಟಕ್ಕೇ ಕೊಯ್ದ. ಮಂಜು ಕವಿದ ಕಣ್ಣು ಬೇಕಾಗಲೇ ಇಲ್ಲ, ಹಗ್ಗ ಮುಟ್ಟಿ ಮುಟ್ಟಿ ಹೋದರೆ ಸಾಕಿತ್ತು. ವಾರವಿಡೀ ದುಡಿದು, ಕೊನೆಯ ದಿನ ಎರಡೂ ಬದಿಯ ಜೊಂಡಿನ ತುದಿಗಳನ್ನು ಇಳಿಜಾರಾಗಿ ಸಮಮಾಡಿ, ಏರಿ ಹತ್ತಿ ನಿಂತು ನೋಡಿದ. ಜವುಗಿನ ನಡುನೆತ್ತಿಯಲ್ಲಿ ಬೈತಲೆ ಬಿದ್ದಿತ್ತು. ಅದರೊಳಗೆ ಆಕಾಶ ಕಾಣುತ್ತಿತ್ತು. ಅಂಗಡಿ ಮುಚ್ಚಿದಾಗಿನಿಂದ ಎದೆಯೊಳಗೆ ಮಡಚಿಕೊಂಡಿದ್ದದ್ದು ಏನೋ ಬಿಚ್ಚಿಕೊಂಡ ಹಾಗಾಯಿತು ಅವನಿಗೆ.

ಬಂದವರು ಬೆರಗಾದರು. ಇದುವರೆಗೆ ನೋಡಿದ ಜವುಗುಗಳೆಲ್ಲ ಕಾಡಿನ ಹಾಗಿದ್ದವು, ಇದು ಉದ್ಯಾನದ ಹಾಗಿದೆ ಎಂದರು. ದೊಡ್ಡ ಅಧಿಕಾರಿಯೊಬ್ಬರು ಬೈತಲೆಯ ತುದಿಯಲ್ಲಿ ಇವನನ್ನು ನಿಲ್ಲಿಸಿ ಫೋಟೋ ತೆಗೆಸಿದರು. ಬೆನ್ನು ನೆಟ್ಟಗೆ ಮಾಡಿ ನಿಂತ. ಅವತ್ತು ತನ್ನ ಬಗ್ಗೆ ಒಂದೇ ಒಂದು ತಮಾಷೆಯನ್ನೂ ಮಾಡಲಿಲ್ಲ, ಅದು ಅವನಿಗೇ ಆಮೇಲೆ ಹೊಳೆಯಿತು. ತೂಬಿನ ಹತ್ತಿರ ತಂಗಿ ಒಬ್ಬಳೇ ನಿಂತಿದ್ದಳು. ಹೇಗಿದೆ ಎಂದು ಕೇಳಿದ. ಅವಳು ನೀರನ್ನು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು.

"ಚೆನ್ನಾಗಿ ಕಾಣ್ತಿದೆ" ಎಂದಳು.

ತಂಗಿಯ ಬಾಯಿಂದ ಹೊಗಳಿಕೆ! ಇವನಿಗೆ ರಾತ್ರಿ ಊಟ ಎರಡು ಪಟ್ಟು ಸೇರಿತು.

ಮಾರನೆಯ ಮಧ್ಯಾಹ್ನ ಮಳೆ ಹೊಡೆಯಿತು, ಅಂತಿಂಥ ಮಳೆಯಲ್ಲ. ಮೇಲಿನ ಹೊಲಗಳಲ್ಲಿ ಅದೇ ವಾರ ಗೊಬ್ಬರ ಹಾಕಿದ್ದರು. ಕೊಳವೆಯಲ್ಲಿ ಕೆಂಪು ನೀರು ದಬದಬನೆ ಬಂದು ಬೈತಲೆಯಲ್ಲಿ ಓಡಿತು. ಕಸ ಕಟ್ಟದೆ ಎಷ್ಟು ಸರಾಗವಾಗಿ ಹರಿಯುತ್ತಿದೆ ಎಂದು ಇವನು ಕೊಡೆ ಹಿಡಿದು ನಿಂತು ಸಂತೋಷಪಟ್ಟ. ಸಂತೋಷಪಡಲು ಇದೇ ಬೇಕಿತ್ತೇ ಎಂದು ಆಮೇಲೆ ಅದೆಷ್ಟು ಸಲ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡನೋ.

ಮಳೆ ಹೋಗಿ ಬಿಸಿಲು ಬಂತು. ಕೆಲವೇ ದಿನಗಳಲ್ಲಿ ಹೊಂಡದ ನೀರು ಹಸಿರು ಬಣ್ಣ ಕಲಸಿದಂತಾಯಿತು. ಒಂದು ಮುಂಜಾನೆ ತಂಗಿ ಅವನ ಕೋಣೆಯ ಬಾಗಿಲು ಬಡಿದಳು. ಹೋಗಿ ನೋಡಿದರೆ ಮೀನುಗಳೆಲ್ಲ ನೀರಿನ ಮೇಲೆ ಬಾಯಿ ಇಟ್ಟು ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದವು. ಸಾವಿರ ಬಾಯಿ, ಒಂದರದ್ದೂ ಸದ್ದಿಲ್ಲ. ದೊಡ್ಡವು ಆಗಲೇ ಮಗ್ಗುಲಾಗಿದ್ದವು. ಮಾರಾಟಕ್ಕೆಂದು ಕಾದಿಟ್ಟ ದಪ್ಪ ಮೀನುಗಳು ಅವೇ. ತಂಗಿ ಡೀಸೆಲ್ ಪಂಪು ಹಾಕಿ ಹೊಂಡದ ನೀರನ್ನೇ ಎತ್ತಿ ಎತ್ತಿ ಗಾಳಿಯಲ್ಲಿ ಚಿಮ್ಮಿಸಿದಳು. ಇವನು ಸೊಂಟದವರೆಗೆ ಇಳಿದು ಬುಟ್ಟಿಯಿಂದ ನೀರು ಕಡೆದ. ಬಿಸಿಲೇರಿದ ಮೇಲೆ ಉಳಿದವು ತಳಕ್ಕಿಳಿದವು. ಸತ್ತವನ್ನು ಇಬ್ಬರೂ ಬುಟ್ಟಿ ತುಂಬಿ ಹೊತ್ತು ದಂಡೆಯಾಚೆ ಗುಂಡಿ ತೋಡಿ ಮುಚ್ಚಿದರು. ತಂಗಿ ಅಳಲಿಲ್ಲ. ಮಗಳಿಗೆ ಫೋನ್ ಮಾಡಿ, ಎಲ್ಲ ಚೆನ್ನಾಗಿದೆ, ನೀನು ಓದಿಕೋ ಎಂದಳು. ಅದನ್ನು ಕೇಳಿ ಕತ್ತರಿ ಮಾವನ ಕರುಳು ಹಿಂಡಿತು.

ಕರುಳು ಹಿಂಡಿದವನು ಸುಮ್ಮನಿರಬಾರದೇ? ಇರಲಿಲ್ಲ. ಮೈಮೇಲಿನ ಕೆಸರನ್ನೂ ತೊಳೆಯದೆ ನೇರ ಎಲೆಕೋಸಿನವನ ಹೊಲಕ್ಕೆ ನುಗ್ಗಿದ. ನಿನ್ನ ಗೊಬ್ಬರವೇ ನನ್ನ ತಂಗಿಯ ಮೀನು ಕೊಂದಿತು, ಎಲೆಕೋಸಿಗೆ ತಿನ್ನಿಸುತ್ತೀಯೋ ಊರಿಗೆ ವಿಷ ತಿನ್ನಿಸುತ್ತೀಯೋ, ನಿನ್ನ ಕೊಳವೆಯನ್ನೇ ಮುಚ್ಚಿಸುತ್ತೇನೆ ಎಂದು ಬಾಯಿಗೆ ಬಂದಂತೆ ಬೈದ. ಆ ಸಾಧು ಮನುಷ್ಯ ಎಲೆ ಕೊಯ್ಯುವ ಚಾಕು ಕೆಳಗಿಟ್ಟು, ಪ್ರತಿ ವರ್ಷ ಹಾಕುವಷ್ಟೇ ಹಾಕಿದ್ದೇನೆ ಮಾವ, ಪ್ರತಿ ವರ್ಷ ನಿಮ್ಮ ಜೊಂಡು ಅದನ್ನು ತಡೆಯುತ್ತಿತ್ತು, ಈ ವರ್ಷ ಅದಕ್ಕೇನಾಯಿತು ಎಂದು ಕೇಳಿದ. ಇಷ್ಟು ಸರಳ ಪ್ರಶ್ನೆ! ಉತ್ತರ ಕಾಲ ಕೆಳಗೇ ಇತ್ತು. ಇವನು ಅದನ್ನು ತುಳಿದುಕೊಂಡೇ ಮನೆಗೆ ಬಂದ. ಏರಿಯ ಮೇಲೆ ನಿಂತು ಜಗಳವನ್ನೆಲ್ಲ ಕೇಳಿಸಿಕೊಂಡಿದ್ದ ತಂಗಿ ಒಂದು ಮಾತೂ ಆಡಲಿಲ್ಲ. ದುಃಖಕ್ಕೆ ಮಾತು ಕಟ್ಟಿದೆ ಎಂದುಕೊಂಡ. ಆ ಸಂಜೆ ನೀರಿನ ಮೇಡಮ್ಮಿಗೆ ಫೋನ್ ಮಾಡಿದವಳು ಅವಳೇ.

ಮೇಡಂ ಬೆಳಗ್ಗೆಯೇ ಬಂದರು. ಬಾಟಲಿಗಳಲ್ಲಿ ನೀರು ತುಂಬಿಕೊಳ್ಳುವ ಮೊದಲೇ ಏರಿಯ ಮೇಲೆ ನಿಂತು ಬೈತಲೆಯನ್ನು ನೋಡಿದರು. ಅವರ ಮುಖ ನೋಡಿ ಇವನ ಕೈ ತಾನಾಗಿಯೇ ತಲೆ ಕೆರೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ. ಅವರು ಬೈಯಲಿಲ್ಲ. ಚೀಲದಿಂದ ಒಂದು ಡಬ್ಬಿ ತೆಗೆದರು. ಮೀನಿಗೆ ತೊಂದರೆ ಮಾಡದ ಕೆಂಪು ಬಣ್ಣವಂತೆ. ಜವುಗು ಹೊಸದಾಗಿದ್ದಾಗ ಇದೇ ಬಣ್ಣವನ್ನು ಕೊಳವೆಯ ಬಾಯಲ್ಲಿ ಸುರಿದಿದ್ದರಂತೆ, ಮಾರನೆಯ ದಿನವಾದರೂ ಅದು ತೂಬಿನಲ್ಲಿ ಕಂಡಿರಲಿಲ್ಲವಂತೆ. ಜೊಂಡಿನ ನಡುವೆ ಎಲ್ಲೆಲ್ಲೋ ಸುತ್ತಿ, ಹರಡಿ, ತೆಳುವಾಗಿ ಹೋಗಿತ್ತಂತೆ.

ಈಗ ಸುರಿದರು. ಬಣ್ಣ ಒಂದು ಗಳಿಗೆ ಕೊಳವೆಯ ಬಾಯಲ್ಲಿ ಸುತ್ತಿತು, ಆಮೇಲೆ ಬೈತಲೆಗೆ ಇಳಿಯಿತು. ಒಂದೇ ಗೆರೆಯಾಗಿ, ಎಡಕ್ಕಿಲ್ಲ ಬಲಕ್ಕಿಲ್ಲ, ಒಂದು ಜೊಂಡನ್ನೂ ಮುಟ್ಟದೆ ನೆಟ್ಟಗೆ ಹೋಯಿತು. ಮೇಡಂ ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದು, ಏರಿಯ ಮೇಲೆ ನಡೆದು ತೂಬಿಗೆ ಬರುವುದರೊಳಗೆ ಬಣ್ಣ ಅವರಿಗಿಂತ ಮುಂಚೆ ಅಲ್ಲಿ ಬಂದು ನಿಂತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬಾಳೆಲ್ಲ ಬೇರೆಯವರಿಗೆ ಕನ್ನಡಿ ಹಿಡಿದವನ ಮುಂದೆ ಈಗ ಕನ್ನಡಿ ಹಿಡಿದಿದ್ದರು, ಅಷ್ಟೆ.

"ನೋಡಿ ಮೇಡಂ, ಎಷ್ಟು ನೇರ" ಎಂದ ಕತ್ತರಿ ಮಾವ. "ಕಣ್ಣು ಹೋದರೂ ಕೈ ಹೋಗಿಲ್ಲ."

ಯಾರೂ ನಗಲಿಲ್ಲ. ಮೇಡಂ ತೂಬನ್ನು ನೋಡಿದರು, ತಂಗಿ ಹೊಂಡವನ್ನು ನೋಡಿದಳು. ಆ ತಮಾಷೆ ಅವನ ಬಾಯಲ್ಲೇ ಕಹಿಯಾಯಿತು. ಇಷ್ಟು ವರ್ಷ ತಾನು ಯಾರನ್ನು ನಗಿಸಿ ಏನನ್ನು ತಡೆಯುತ್ತಿದ್ದೆ ಎಂದು ಮೊದಲ ಸಲ ನಾಚಿಕೆಯಾಯಿತು.

ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ನೀರಿಗೆ ದಾರಿ ಸಿಕ್ಕಿದೆ, ದಾರಿ ಸಿಕ್ಕ ನೀರು ಜೊಂಡಿನ ಮನೆಗೆ ಹೋಗುವುದಿಲ್ಲ. ಸಾಲದ್ದಕ್ಕೆ ನೀರಿನ ಕೆಳಗೆ ಕೊಯ್ದ ಜೊಂಡು ಮತ್ತೆ ಚಿಗುರುವುದೂ ಇಲ್ಲ. ಜೊಂಡಿನ ಕಾಂಡ ಟೊಳ್ಳು. ಮೇಲಿನ ಗಾಳಿ ಅದರೊಳಗಿಂದಲೇ ಕೆಸರಿನಲ್ಲಿರುವ ಗಡ್ಡೆಗೆ ಇಳಿಯುವುದು. ಕಾಂಡವನ್ನು ನೀರೊಳಗೆ ಮುಳುಗುವಂತೆ ಕೊಯ್ದರೆ ಗಡ್ಡೆಯೂ ಉಸಿರು ಕಟ್ಟಿ ಸಾಯುತ್ತದೆ. ಕೂದಲು ಮತ್ತೆ ಬರುತ್ತದೆ ಎಂಬ ಒಂದೇ ಧೈರ್ಯದ ಮೇಲೆ ಬಾಳಿದವನು ಈ ಮಾತು ಕೇಳಿ ಏರಿಯ ಅಂಚಿನಲ್ಲೇ ಕೂತುಬಿಟ್ಟ. ಮುಂದಿನ ಮಳೆಗೆ ಮೊದಲು ಈ ದಾರಿ ಮುಚ್ಚದಿದ್ದರೆ ಉಳಿದ ಮೀನೂ ಉಳಿಯುವುದಿಲ್ಲ ಎಂದರು ಮೇಡಂ. ಇಳಿಜಾರಿನ ಮೇಲೆ ಮೋಡ ಕೂಡುತ್ತಿತ್ತು.

ಅವನು ಮೊದಲು ಹೋದದ್ದು ಎಲೆಕೋಸಿನವನ ಹತ್ತಿರ. ದಾರಿಯಲ್ಲಿ ಹಳೆಯ ಚಾಳಿಯಂತೆ ಎರಡು ಮೂರು ತಮಾಷೆ ಹೊಂದಿಸಿಕೊಂಡಿದ್ದ. ಎದುರಿಗೆ ನಿಂತಾಗ ಅವನ್ನು ನುಂಗಿ, "ತಪ್ಪು ನಂದು ಕಣಪ್ಪಾ, ನಿಂದಲ್ಲ" ಎಂದಷ್ಟೇ ಹೇಳಿದ. ಎಲೆಕೋಸಿನವನು ಒಳಗೆ ಹೋಗಿ ಖಾಲಿ ಗೊಬ್ಬರದ ಚೀಲಗಳ ಕಟ್ಟೊಂದನ್ನು ಹೆಗಲಿಗೆ ಹಾಕಿಕೊಂಡು ಬಂದು, ಮಣ್ಣು ತುಂಬೋಣ ನಡೀರಿ ಎಂದ.

ತಂಗಿಯೂ ಸೇರಿ ಮೂವರು ಜವುಗಿಗೆ ಇಳಿದರು. ಬೈತಲೆಗೆ ಅಡ್ಡಲಾಗಿ ಮಣ್ಣಿನ ಚೀಲಗಳ ಗೋಡೆ, ಒಂದು ಎಡದಿಂದ, ಇನ್ನೊಂದು ಬಲದಿಂದ, ನೀರು ಹಾವಿನಂತೆ ಸುತ್ತಿ ಜೊಂಡಿನೊಳಗೆ ನುಗ್ಗುವ ಹಾಗೆ. ಗೋಡೆಗಳ ನಡುವೆ, ದಟ್ಟವಾಗಿರುವ ಕಡೆಯಿಂದ ಗಡ್ಡೆಸಮೇತ ಕಿತ್ತು ತಂದ ಜೊಂಡು. ಸಾಲಾಗಿ ನೆಡಬೇಡಿ, ಚೆಲ್ಲಾಪಿಲ್ಲಿಯಾಗಿ ನೆಡಿ ಎಂದು ಮೇಡಂ ಹೇಳಿ ಹೋಗಿದ್ದರು. ಅದೇ ಇವನಿಂದ ಆಗದ ಕೆಲಸ. ಎಷ್ಟು ಅಡ್ಡಾದಿಡ್ಡಿ ನೆಡಲು ಹೊರಟರೂ ಕೈ ಸದ್ದಿಲ್ಲದೆ ಗೆರೆ ಹಿಡಿಯುತ್ತಿತ್ತು. ತಿರುಗಿ ನೋಡಿದರೆ ಶಾಲೆಯ ಮಕ್ಕಳನ್ನು ಸಾಲು ನಿಲ್ಲಿಸಿದ ಹಾಗೆ! ಕಿತ್ತು ಮತ್ತೆ ನೆಟ್ಟ, ಮತ್ತೆ ಸಾಲು. ಜೀವಮಾನದ ವಿದ್ಯೆ ಇಂಥ ಹೊತ್ತಿನಲ್ಲಿ ಕೈ ಕೊಡುವುದೆಂದರೆ ಹೀಗೆ: ಕೈ ಬಿಟ್ಟು ಹೋಗದೆ. ಕಡೆಗೆ ತಂಗಿ ಗಡ್ಡೆಗಳನ್ನು ಒಂದೊಂದಾಗಿ ನೀರಿಗೆ ಎಸೆಯುತ್ತಾ ಹೋದಳು, ಬಿದ್ದಲ್ಲಿ ಇವನು ಊರುತ್ತಾ ಹೋದ. ಎಸೆ ಎಂದು ಇವನು ಹೇಳಲಿಲ್ಲ, ಎಸೆಯುತ್ತೇನೆ ಎಂದು ಅವಳೂ ಹೇಳಲಿಲ್ಲ.

ಮೋಡ ಅವರ ಮೇಲೆ ದಯೆ ತೋರಿತು, ಕೆಲವು ದಿನ ತೂಗಾಡಿ ತಡೆಯಿತು. ಅಷ್ಟರಲ್ಲಿ ಕೆಲಸ ಮುಗಿಯಿತು. ದಿನವೂ ನಸುಕಿನಲ್ಲಿ ಪಂಪು ಹಾಕಿ ಹಾಕಿ ಹೊಂಡದ ಹಸಿರು ಸ್ವಲ್ಪ ಮಾಸಿತ್ತು. ದೊಡ್ಡ ಮೀನು ಹೆಚ್ಚೇನೂ ಉಳಿದಿರಲಿಲ್ಲ, ಸಣ್ಣವು ಇದ್ದವು. ಬೇಸಿಗೆಯವರೆಗೆ ಬದುಕಿದರೆ ಮಗಳ ಕೊನೆಯ ವರ್ಷ ಹೇಗೋ ದಾಟುತ್ತದೆ ಎಂದು ತಂಗಿ ಅಂದಾಜು ಹಾಕಿದ್ದಳು. ಕತ್ತರಿ ಮಾವ ಸಂಘದವರ ಮುಂದೆ ಹೋಗಿ ಈ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎನ್ನಬೇಕೆಂದು ನಿರ್ಧರಿಸಿದ್ದ. ತಂಗಿಗೆ ಇನ್ನೂ ಹೇಳಿರಲಿಲ್ಲ.

ಆ ರಾತ್ರಿ ಮಳೆ ಬಂದು ಹೋಯಿತು. ಬೆಳಕು ಹರಿಯುವ ಮೊದಲು ಇಬ್ಬರೂ ಏರಿಯ ಮೇಲೆ ನಡೆದು ತೂಬಿಗೆ ಬಂದರು. ಆ ತುದಿಯ ಕೊಳವೆಯಿಂದ ಹೊಲದ ನೀರು ಇನ್ನೂ ಬೀಳುತ್ತಿತ್ತು. ತಂಗಿ ತೂಬಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ಕೇಳು" ಎಂದಳು.

ಅವನು ಬಗ್ಗಿ ಕಿವಿಗೊಟ್ಟ. ಏನೂ ಕೇಳಿಸುತ್ತಿಲ್ಲ ಎಂದ.

"ಅದೇ. ಅವತ್ತು ಕೇಳಿಸ್ತಿತ್ತು."

"ಯಾವತ್ತು?"

"ಜನ ನೋಡೋಕೆ ಬಂದ ದಿನ. ನಾನು ಇಲ್ಲೇ ನಿಂತಿದ್ನಲ್ಲ. ನೀರು ಜುಳುಜುಳು ಅಂತಿತ್ತು. ಇಷ್ಟು ವರ್ಷದಲ್ಲಿ ಈ ತೂಬು ಸದ್ದು ಮಾಡಿದ್ದೇ ನಾನು ಕೇಳಿರ್ಲಿಲ್ಲ. ಏನೋ ಸರಿ ಇಲ್ಲ ಅಂತ ಆಗಲೇ ಗೊತ್ತಾಯ್ತು."

ಕತ್ತರಿ ಮಾವ ಅವಳ ಮುಖ ನೋಡಿದ. ಅರೆಗತ್ತಲಲ್ಲಿ, ಮಂಜು ಕವಿದ ಕಣ್ಣಿಗೆ, ಅದು ಸರಿಯಾಗಿ ಕಾಣಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ? ನಿನ್ನ ಮೀನು ಕಣೇ. ಮಗೂ ಓದು."

ತಂಗಿ ತೂಬಿನ ಅಂಚಿಗೆ ಅಂಟಿದ್ದ ಎಲೆಯೊಂದನ್ನು ತೆಗೆದು ಆಚೆ ಹಾಕಿದಳು.

"ಅಂಗಡಿ ಮುಚ್ಚಿದ ಮೇಲೆ ನೀನು ನೆಟ್ಟಗೆ ನಿಂತಿದ್ದು ಅವತ್ತೇ ಅಣ್ಣ. ಹೇಗಿದೆ ಅಂತ ಕೇಳ್ದೆ. ಇವತ್ತೊಂದು ದಿನ ಇರ್ಲಿ, ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ" ಎಂದಳು. "ನಾಳೆ ಮಳೆ ಬಂತು."

ಅವನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ. ತಂಗಿ ಎದ್ದು ಹೊಂಡದ ದಂಡೆಗೆ ನಡೆದಳು, ಅವನೂ ಹಿಂದೆ ಹೋಗಿ ಅವಳ ಪಕ್ಕದಲ್ಲಿ ಕೂತ. ಮೀನು ಬಾಯಿ ಬಿಡುವ ಹೊತ್ತು ಅದೇ. ಪಂಪಿನ ಹಗ್ಗ ಕೈಯಲ್ಲಿ ಹಿಡಿದು, ನೀರಿನ ಮೇಲೆ ಎಲ್ಲಾದರೂ ಒಂದು ಬಾಯಿ ಕಾಣುತ್ತದೆಯೋ ಎಂದು ಇಬ್ಬರೂ ಬಿಸಿಲು ಬೀಳುವವರೆಗೆ ನೋಡುತ್ತಾ ಕೂತರು. ಒಂದೂ ಕಾಣಲಿಲ್ಲ.